ಎಲ್ಲರೂ ಬರೆಯುತ್ತಿದ್ದ ಫೈಲು

ಮಷೀನು ಕೋಣೆಯ ಎ.ಸಿ. ಕೆಳಗಿಟ್ಟಿದ್ದ ಬಕೆಟ್ಟು ಕಂಠಮಟ್ಟ ತುಂಬಿತ್ತು. ತರೈವಿನಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದು, ತುಳುಕದ ಹಾಗೆ ಎರಡೂ ಕೈಯಲ್ಲಿ ಅದನ್ನೆತ್ತಿ, ಪಡಸಾಲೆಯ ಕೊನೆಯ ಬಚ್ಚಲಿಗೆ ಒಯ್ದು ಸುರಿದಳು. ಖಾಲಿ ಬಕೆಟ್ಟನ್ನು ತಂದು ಇದ್ದ ಜಾಗದಲ್ಲೇ ಇಟ್ಟಳು. ನೆಲದ ಮೇಲಿನ ಹನಿಗಳನ್ನು ಹಳೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೇ ಮಡಚಿ ಬಕೆಟ್ಟಿನ ತಳಕ್ಕೆ ಹಾಕಿದಳು. ಹಾಗೆ ಮಾಡಿದರೆ ನೀರು ಬೀಳುವಾಗ ಸದ್ದಾಗುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಇಸಿಕೆಲಿ ಬಾಗಿಲಲ್ಲಿ ನಿಂತು ನೋಡಿದ. ಬೇರೆ ದಿನವಾಗಿದ್ದರೆ, 'ಬಾವಿ ತೋಡಿ ಆಯ್ತಾ?' ಎಂದೋ, 'ನಮ್ಮನೆಗೂ ಒಂದು ಕೊಡ ನೀರು ಹಾಕು' ಎಂದೋ ಅನ್ನುತ್ತಿದ್ದ. ಈ ದಿನ ಏನೂ ಅನ್ನಲಿಲ್ಲ. ಅವನು ಛತ್ರಿ ಬಿಚ್ಚಿಕೊಂಡು ಹೋದ.

ಅವನು ಹೋದ ಮೇಲೆ ಬಿಮ್ಲಾ ವತಿ ಬಂದರು. ಈ ಹಡಗು ಕಚೇರಿಯ ಮ್ಯಾನೇಜರು. ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಕಾಗದ ಸುತ್ತಿದ ರೋಟಿ.

"ತರೈ, ನಿನ್ನ ಮುಖ ನೋಡು, ಹಿಂಡಿ ಒಣಹಾಕೋಕೆ ಮರೆತ ಬಟ್ಟೆ ಥರ ಆಗಿದೆ. ಕುಡಿ ಮೊದ್ಲು." ಲೋಟವನ್ನು ಅವಳ ಕೈಗಿಟ್ಟು ಕೇಳಿದರು, "ಆ ಫೈಲು ಮುಚ್ಚಿದ್ಯಾ?"

"ಇನ್ನೂ ಇಲ್ಲ ಮೇಡಂ."

"ಇನ್ನೂ ಇಲ್ಲ ಅಂದ್ರೇನಮ್ಮ? ಮಧ್ಯಾಹ್ನದ ಮೇಲೆ ಕರೆಂಟು ತೆಗೀತಾರೆ. ಕಂಬ ಬದಲಾಯಿಸ್ತಾರಂತೆ. ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತು ನಿಂಗೇ ಗೊತ್ತು. ಕರೆಂಟು ಬಂದ ತಕ್ಷಣ ಮಷೀನು ಎದ್ದು ಅದೇ ಫೈಲು ಓದುತ್ತೆ. ಅಷ್ಟ್ರಲ್ಲಿ ಯಾವನಾದ್ರೂ ಅದರಲ್ಲಿ ಗೀಚಿದ್ರೆ? ಸಂಜೆ ಕೋರೋ ಹಡಗಿದೆ. ಮಂಗಳವಾರದ ಕಥೆ ಇನ್ನೊಂದ್ಸಲ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಮುಚ್ತೀನಿ. ಅಪೊರೋಸ ಭಾವನ್ನ ಒಂದು ಮಾತು ಕೇಳಿಬಿಟ್ಟು ಮುಚ್ತೀನಿ."

"ಅವನ್ನೇನು ಕೇಳೋದು? ಫೈಲು ಅವನಪ್ಪಂದಾ?"

"ಅವನಪ್ಪ ನನ್ನ ಸೋದರಮಾವ ಮೇಡಂ. ಕಷ್ಟ ಇರೋದೇ ಅಲ್ಲಿ."

ಬಿಮ್ಲಾ ವತಿ ಉಸಿರು ಬಿಟ್ಟು ಕುರ್ಚಿಯಲ್ಲಿ ಕುಳಿತರು. "ನಂಗೂ ಗೊತ್ತು ನಿಮ್ಮ ಕೆರೆಕೆರೆ, ನೆಂಟ್ರು ಬಂದು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ನಮ್ಮನೆ ಕಬ್ಬು ಕಡಿಯೋ ಕತ್ತಿ, ಗುದ್ದಲಿ, ದೊಡ್ಡ ಕಡಾಯಿ, ಪಕ್ಕದ ಹಳ್ಳಿಗೆ ಹೋಗಿದ್ದು ಒಂದೂ ತಿರುಗಿ ಬರ್ಲಿಲ್ಲ. ನಮ್ಮಮ್ಮ ಒಂದು ದಿನಾನೂ ಇಲ್ಲ ಅಂದೋಳಲ್ಲ. ಅದು ಕಡಾಯಿ ಮಾತು ಕಣಮ್ಮ. ಇದು ನೂರಾರು ಜನ ಹತ್ತೋ ಹಡಗು." ಎದ್ದು ನಿಂತರು. "ಕೇಳು ಹೋಗು. ಆದ್ರೆ ಅವನು ಹೂಂ ಅನ್ಲಿ ಬಿಡ್ಲಿ, ಕರೆಂಟು ಹೋಗೋದ್ರೊಳಗೆ ಅದು ಮುಚ್ಚಿರ್ಬೇಕು."

ತರೈವಿನಿ ಚಾ ಕುಡಿದಳು. ರೋಟಿಯನ್ನು ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲೇ ಸುತ್ತಿ ಮೇಜಿನ ಮೇಲಿಟ್ಟಳು. ಜಗಿಯುವುದಕ್ಕೂ ಬೇಸರವಾಗಿತ್ತು.

ಸುವಾದ ವಾಲು ಬೇ ಹಡಗುಕಟ್ಟೆಯಲ್ಲಿ ಕಂಟೇನರ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿ ತೆರೆದರೆ ಒಂದರ ಮೇಲೊಂದು ಕುಳಿತಿರುವ ತುಕ್ಕುಹಿಡಿದ ಪೆಟ್ಟಿಗೆಗಳೇ. ಈ ಕೋಣೆಯ ಮಷೀನಿನೊಳಗೂ ಕಂಟೇನರ್‌ಗಳಿದ್ದವು, ಕಬ್ಬಿಣವಿಲ್ಲದವು. ಒಂದರಲ್ಲಿ ಟಿಕೆಟ್ಟು, ಒಂದರಲ್ಲಿ ಸರಕಿನ ತೂಕ, ಒಂದರಲ್ಲಿ ಹಡಗು ಹತ್ತಿದವರ ಹೆಸರು. ಒಂದರೊಳಗಿನದು ಇನ್ನೊಂದಕ್ಕೆ ಸೋರದಂತೆ ಬೇರೆ ಬೇರೆ ಮುಚ್ಚಿಟ್ಟವು. ಇವನ್ನೆಲ್ಲ ಎತ್ತಿ ನಿಲ್ಲಿಸುವುದಕ್ಕೆ ಕ್ರೇನಿನಂಥ ಒಂದು ಪ್ರೋಗ್ರಾಮು. ಮಷೀನು ಎದ್ದ ಕೂಡಲೇ ಆ ಕ್ರೇನು ಏನು ಮಾಡಬೇಕೆಂದು ಬರೆದಿಟ್ಟ ಸಣ್ಣದೊಂದು ಫೈಲು. ಪೆಟ್ಟಿಗೆಗಳಿಗೆ ಎಷ್ಟು ಬೀಗ ಜಡಿದರೇನು, ಕ್ರೇನಿಗೆ ಹೇಳುವ ಮಾತನ್ನು ಹಾದುಹೋಗುವವರೆಲ್ಲ ತಿದ್ದುವಂತಿದ್ದರೆ ಆ ಬೀಗಗಳು ಇದ್ದೂ ಇಲ್ಲದ ಹಾಗೆ. ಅದಕ್ಕೇ ಆ ಫೈಲಿಗೆ ಮಷೀನಿನ ಯಜಮಾನನ ಖಾತೆಯೊಂದೇ ಒಡೆಯ. ಬರೆಯುವ ಹಕ್ಕು ಅದಕ್ಕೆ ಮಾತ್ರ, ಮಿಕ್ಕವರು ಓದಬಹುದು. ಮಷೀನಿನ ಲೆಕ್ಕದಲ್ಲಿ ಹೇಳುವುದಾದರೆ ಆರು-ನಾಲ್ಕು-ನಾಲ್ಕು. ಆರು ಎಂದರೆ ಓದಬಹುದು, ಬರೆಯಬಹುದು. ನಾಲ್ಕು ಎಂದರೆ ಓದುವುದಷ್ಟೇ. ಮೊದಲನೆಯ ಅಂಕೆ ಒಡೆಯನಿಗೆ, ಎರಡನೆಯದು ಒಡೆಯನ ಗುಂಪಿಗೆ, ಕೊನೆಯದು ಊರಿಗೆಲ್ಲ.

ಯಜಮಾನನ ಖಾತೆಯ ಪಾಸ್‌ವರ್ಡು ತರೈವಿನಿಯ ಹತ್ತಿರವಿತ್ತು. ಆ ಅಂಕೆಗಳನ್ನು ಬದಲಿಸಿದವಳೂ ಅವಳೇ.

ಅವಳು ಮೋವಾಲ ದ್ವೀಪದವಳು. ಶಾಲೆಗೆಂದು ಸುವಾಕ್ಕೆ ಬಂದು ರೈವಂಗದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದಳು. ಆ ಮನೆಯಲ್ಲಿ ಓದುವುದಕ್ಕೆ ಇದ್ದದ್ದು ಒಂದೇ ಮೇಜು. ಮಾವನ ಮಗ ಅಪೊರೋಸ ಅದನ್ನು ಅವಳಿಗೆ ಬಿಟ್ಟುಕೊಟ್ಟು ಹಡಗು ಹತ್ತಿದ. ಯಾರಾದರೂ ಕೇಳಿದರೆ, "ಮೇಜು ಒಂದೇ ಇತ್ತು, ತಲೆ ಇದ್ದೋರು ಕೂತ್ರು. ನಂಗೆ ಇದ್ದಿದ್ದು ಕೈಕಾಲು" ಎಂದು ನಗುತ್ತಿದ್ದ. ಆಮೇಲೆ ಒಂದು ದಿನ ಓವಲಾವಿನ ಕಟ್ಟೆಯಲ್ಲಿ ಬಿಗಿದ ಹಗ್ಗ ಕಡಿದು ಅವನ ಮೊಣಕಾಲಿಗೆ ಬಡಿಯಿತು. ಕಾಲು ಉಳಿಯಿತು, ಹಡಗಿನ ಕೆಲಸ ಹೋಯಿತು. ಕಚೇರಿಯವರು ಅವನನ್ನು ರಾತ್ರಿ ಪಾಳಿಯ ಮೇಜಿಗೆ ಕೂರಿಸಿದರು. ಬಿಲ್ಲಿನ ಮೇಲೆ ಮೊಹರು ಒತ್ತುವ ಕೆಲಸ. ಜೊತೆಯಲ್ಲಿ ಹಡಗೇರಿದ್ದವರು ಕಿಟಕಿಯ ಮುಂದೆ ಹೋಗುವಾಗ ಅವನ ಕಡೆ ನೋಡದೆ ಹೋಗುವುದನ್ನು ತರೈವಿನಿ ಕಂಡಿದ್ದಳು. ಅವರಿಗೆ ಅವನ ಮೇಲೇನೂ ಇರಲಿಲ್ಲ. ಏನು ಮಾತಾಡುವುದೆಂದು ತಿಳಿಯುತ್ತಿರಲಿಲ್ಲ, ಅಷ್ಟೇ.

ಕಚೇರಿಗೆ ಹೊರಗಿನಿಂದ ಬರುವ ಇಂಟರ್‌ನೆಟ್ ಲೈನು ಎರಡು. ಮೊದಲನೆಯದು ಗಾಳಿ ಬೀಸಿದರೆ ಸಾಕು, ಸತ್ತಂತೆ ಬಿದ್ದುಕೊಳ್ಳುತ್ತಿತ್ತು. ಆಗ ಆ ಸಣ್ಣ ಫೈಲಿನ ಒಂದು ಸಾಲಿನಲ್ಲಿ ಎರಡನೆಯ ಲೈನಿನ ವಿಳಾಸ ಬರೆಯಬೇಕು. ಆ ಒಂದು ಸಾಲಿಗಾಗಿ ತರೈವಿನಿ ತಾನೀಗ ಇರುವ ನೌಸೋರಿಯಿಂದ ಬಸ್ಸು ಹಿಡಿದು ಬರಬೇಕಾಗಿತ್ತು.

ಹೋದ ವರ್ಷ ಒಂದು ಸಂಜೆ ಅಪೊರೋಸ ಅವಳ ಮೇಜಿನ ಹತ್ತಿರ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತ. ಮಡಚಲಾಗದ ಕಾಲನ್ನು ಪಕ್ಕಕ್ಕೆ ಚಾಚಿದ. ಅವನ ಹಿಂದೆ ಅದೇ ಪಾಳಿಯ ಇಸಿಕೆಲಿ ಮತ್ತು ಮನೋವ ಕುಳಿತರು. ಏನನ್ನಾದರೂ ಬೇಡುವಾಗ ಇಡುವಂತೆ ಅಪೊರೋಸ, ನೀರಲ್ಲಿ ಹಿಂಡಿ ಕುಡಿಯುವ ಯಂಗೋನ ಬೇರಿನ ಕಟ್ಟೊಂದನ್ನು ಅವಳ ಮುಂದಿಟ್ಟು ಅಂಗೈಗಳನ್ನು ಗುಂಡಗೆ ಹಿಡಿದು ಚಪ್ಪಾಳೆ ತಟ್ಟಿದ.

"ತರೈ, ಕೆರೆಕೆರೆ."

"ಏನಪ್ಪಾ ಬೇಕು ಭಾವಂಗೆ? ನನ್ನ ಹೊಸಾ ಚಾಪೆ ಆದ್ರೆ ಕೊಡಲ್ಲ. ನೀನು ಅದರ ಮೇಲೆ ಮಲ್ಗಿ ಗೊರಕೆ ಹೊಡೀತೀಯ, ಹೆಣೆದಿದ್ದೆಲ್ಲ ಬಿಚ್ಕೊಳ್ಳುತ್ತೆ."

"ಚಾಪೆ ನೀನೇ ಇಟ್ಕೋ, ಮದುವೆಗಾಗುತ್ತೆ. ಗಂಡು ಸಿಕ್ಕಿದ್ರೆ." ಹಿಂದಿನ ಇಬ್ಬರೂ ನಕ್ಕರು. ಸೋದರಮಾವನ ಮಗ ಹೀಗೆ ಅನ್ನಬಹುದು, ಅನ್ನಲೇಬೇಕು. ನಗು ನಿಂತ ಮೇಲೆ ಅವನ ಸ್ವರ ತಗ್ಗಿತು. "ಆ ಲೈನು ಬದಲಾಯ್ಸೋ ಫೈಲು ಇದ್ಯಲ್ಲ, ಅದರಲ್ಲಿ ಬರೆಯೋಕೆ ಬಿಡು. ಪ್ರತೀ ಸಲ ನಿನ್ನ ಕರೆಸೋಕೆ ನಂಗೇ ನಾಚಿಕೆ. ನೀನು ಬರೋ ಹೊತ್ತಿಗೆ ಹಡಗಲ್ಲಿರೋ ಹಂದಿಮರಿಗೆ ಮರಿಯಾಗಿರುತ್ತೆ."

ಕೆರೆಕೆರೆ ಎಂದು ಬಂಧು ಬಂದು ನೆಲದ ಮೇಲೆ ಕುಳಿತರೆ ಇಲ್ಲವೆನ್ನುವಂತಿಲ್ಲ. ಅವನೊಬ್ಬನಿಗೆ ಮಾತ್ರ ಬರೆಯುವ ಹಕ್ಕು ಕೊಡುವ ದಾರಿ ಅವಳಿಗೆ ತಿಳಿಯದ್ದೇನಲ್ಲ. ಆದರೆ ಎದುರಿಗೆ ಮೂವರು ಕುಳಿತಿದ್ದರು. ಮೂವರು ಕುಳಿತಿರುವಾಗ ಒಬ್ಬನ ಕೈಗೆ ಬಟ್ಟಲು ಕೊಟ್ಟು ಇಬ್ಬರನ್ನು ದಾಟಿ ಹೋಗುವುದು ಅವಳು ಬೆಳೆದ ಯಾವ ಮನೆಯಲ್ಲೂ ಇರಲಿಲ್ಲ. ಅವಳು ಮೂರು ಅಂಕೆಯನ್ನೂ ಆರು ಮಾಡಿದಳು.

"ಆರು ಆರು ಆರು!" ಇಸಿಕೆಲಿ ಪರದೆ ನೋಡಿ ಎದೆ ಮುಟ್ಟಿಕೊಂಡ. "ಪಾದ್ರಿಗಳು ಹೆದರಿಸ್ತಾರಲ್ಲ, ಮೃಗದ ಸಂಖ್ಯೆ! ತರೈ, ಭಾನುವಾರ ಇಗರ್ಜಿಗೆ ಹೇಗೆ ಹೋಗ್ತೀಯ?"

"ನಿನ್ನ ಮೂತಿ ನೋಡಿದ್ರೆ ಆ ಮೃಗಾನೇ ಇಗರ್ಜಿಗೆ ಓಡಿಹೋಗುತ್ತೆ, ಸುಮ್ನಿರು" ಎಂದ ಅಪೊರೋಸ.

ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ಲೈನು ಸತ್ತಾಗ ಅವನೇ ಕುಳಿತು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಒಂದು ಬೆರಳಲ್ಲಿ ಆ ಸಾಲನ್ನು ಬರೆಯುತ್ತಿದ್ದ. ಪರದೆಯ ಮೇಲೆ ಹೆಸರುಗಳು ಮತ್ತೆ ಮೂಡಿದಾಗ ಮುಖ ಸಮುದ್ರದ ಕಡೆ ತಿರುಗಿಸುತ್ತಿದ್ದ, ಹಿಗ್ಗು ಯಾರಿಗೂ ಕಾಣದಿರಲೆಂದು. ಹಡಗಿನವರು ಅವನಿಗೆ ಡಾಕ್ಟರು ಎಂದು ಹೆಸರಿಟ್ಟರು. ಮೊದಲು ಕಿಟಕಿಯ ಕಡೆ ನೋಡದೆ ಹೋಗುತ್ತಿದ್ದವರೇ ಈಗ ನಿಂತು, "ಡಾಕ್ಟ್ರೇ, ನಾಡಿ ಹೇಗಿದೆ?" ಎಂದು ಕೂಗುತ್ತಿದ್ದರು. ಕುಂಟು ಹಾಗೆಯೇ ಇತ್ತು. ಆದರೆ ಈಗ ಅದು ಕಪ್ತಾನನ ಕುಂಟಿನಂತೆ ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಮಷೀನು ಎದ್ದಿತು, ಅದರೊಳಗಿನ ಕಂಟೇನರ್‌ಗಳು ಏಳಲಿಲ್ಲ. ಹೆಸರುಗಳ ಪಟ್ಟಿ ಕಪ್ತಾನನ ಕೈಗೆ ಬಾರದೆ ಹಡಗಿನ ಹಗ್ಗ ಬಿಚ್ಚುವಂತಿಲ್ಲ. ಕೋರೋ ದ್ವೀಪಕ್ಕೆ ಹೊರಟವರು ಚಾಪೆ, ಹಾಸಿಗೆ, ಕೆಸುವಿನ ಗಡ್ಡೆಯ ಮೂಟೆ ಇಟ್ಟುಕೊಂಡು ತಗಡಿನ ಶೆಡ್ಡಿನಲ್ಲಿ ಕುಳಿತರು. ಅವರ ನಡುವೆ ಒಂದು ಶವದ ಪೆಟ್ಟಿಗೆಯಿತ್ತು. ಆಸ್ಪತ್ರೆಯಲ್ಲಿ ತೀರಿಕೊಂಡ ಮುದುಕನನ್ನು ಊರಿಗೆ ಒಯ್ಯುತ್ತಿದ್ದರು. ಬಿಸಿಲೇರಿದಂತೆ ಅವನ ಹೆಂಡತಿ ಬೀಸಣಿಗೆ ತೆಗೆದು ಪೆಟ್ಟಿಗೆಗೆ ಗಾಳಿ ಬೀಸತೊಡಗಿದಳು. ಯಾರೂ ಬೇಡವೆನ್ನಲಿಲ್ಲ.

ತರೈವಿನಿ ಬರುವಷ್ಟರಲ್ಲಿ ಅಪೊರೋಸನ ಅಂಗಿ ಬೆನ್ನಿಗೆ ಅಂಟಿತ್ತು. ಫೈಲನ್ನು ತೆರೆದು ನೋಡಿದಳು. ಯಾರೋ ಬರೆದ ಸಾಲನ್ನು ಇನ್ಯಾರೋ ಅರ್ಧ ಅಳಿಸಿದ್ದರು, ಅದನ್ನು ಸರಿಮಾಡಲು ಹೋದವರು ಮೇಲಿನ ಸಾಲನ್ನೂ ಕೆಡಿಸಿದ್ದರು. ಅವಳು ಅದನ್ನು ಸರಿಪಡಿಸಿ ಹಡಗು ಹೊರಟಾಗ ಹೊತ್ತು ನೆತ್ತಿ ದಾಟಿತ್ತು.

"ಯಾರು ಬರೆದಿದ್ದು ಇದನ್ನ?" ಎಂದು ಕೇಳಿದಳು. ಬೈಯಬೇಕೆಂದು ಕೇಳಿದ್ದಲ್ಲ.

"ನಾನೇ" ಎಂದ ಅಪೊರೋಸ.

"ಅವನಲ್ಲ, ನಾನು" ಎಂದ ಮನೋವ.

"ಇಬ್ರೂ ಸುಳ್ಳು. ನಾನು" ಎಂದ ಇಸಿಕೆಲಿ.

ಫೈಲನ್ನು ಯಾವಾಗ ತಿದ್ದಿದರೆಂದು ಮಷೀನು ಹೇಳಿತು. ಯಾರು ತಿದ್ದಿದರೆಂದು ಹೇಳಲಿಲ್ಲ. ಎಲ್ಲರಿಗೂ ಬಿಟ್ಟುಕೊಟ್ಟದ್ದರಲ್ಲಿ ಅದು ಯಾರ ಗುರುತು ಇಟ್ಟುಕೊಳ್ಳಬೇಕು?

ಆ ದಿನವೇ ಅವಳು ಅಪೊರೋಸನಿಗೆ ಮೆಲ್ಲಗೆ ಹೇಳಿ ನೋಡಿದ್ದಳು. "ಭಾವ, ನಾನೊಂದು ಗುಂಡಿ ಥರ ಮಾಡ್ಕೊಡ್ತೀನಿ. ಒತ್ತಿದ್ರೆ ಲೈನು ಬದಲಾಗುತ್ತೆ. ಫೈಲು ಮುಟ್ಟೋದೇ ಬೇಡ."

"ಗುಂಡಿ ಒತ್ತೋಕೆ ಡಾಕ್ಟ್ರು ಯಾಕೆ? ಒಂದು ಕೋಳಿ ತಂದು ಕೂರಿಸು. ಕಾಳು ಹಾಕಿದ್ರೆ ಕುಕ್ಕುತ್ತೆ."

ಅವಳು ಆ ಮಾತನ್ನು ಮುಂದುವರಿಸಲಿಲ್ಲ. ಗುಂಡಿಯನ್ನು ಮಾತ್ರ ಮಾಡಿಟ್ಟಳು. ಅದಕ್ಕಾಗಿ ಎರಡು ದಿನ ನಿದ್ದೆ ಕೆಟ್ಟಳು.

ಈಗ ಉಳಿದದ್ದು ಅಂಕೆ ಬದಲಿಸುವುದು. ಒಂದು ಸಾಲಿನ ಕೆಲಸ. ಆದರೆ ಕೆರೆಕೆರೆಯಲ್ಲಿ ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ, ಅದನ್ನು ಮತ್ತೆ ಕೇಳಿ ಪಡೆಯಬೇಕು. ಕೇಳಿದರೆ ಅಪೊರೋಸನೂ ಇಲ್ಲವೆನ್ನಲಾರ. ಆಗ ಅವನು ಕೊಟ್ಟವನಾಗುತ್ತಾನೆ. ಕೊಟ್ಟವನ ತಲೆ ತಗ್ಗುವುದಿಲ್ಲ. ಕಿತ್ತುಕೊಂಡರೆ ಅವನು ಮತ್ತೆ ಮೊಹರು ಒತ್ತುವ ಕುಂಟನಾಗುತ್ತಾನೆ. ಮಾವನ ಮನೆಯ ಚಾಪೆಯ ಮೇಲೆ ಅವಳೆಲ್ಲಿ ಕೂರಬೇಕು?

ಮಾರುಕಟ್ಟೆಯಲ್ಲಿ ಒಳ್ಳೆಯ ಬೇರು ನೋಡಿ ಯಂಗೋನ ಕಟ್ಟೊಂದನ್ನು ಕೊಂಡು, ಪತ್ರಿಕೆಯಲ್ಲಿ ಸುತ್ತಿಸಿಕೊಂಡು, ಅವಳು ರೈವಂಗದ ಬಸ್ಸು ಹತ್ತಿದಳು.

ಅಪೊರೋಸನ ಹೆಂಡತಿ ಊನೈಸಿ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. "ಸದ್ದು ಮಾಡ್ಬೇಡ. ಈಗಷ್ಟೇ ಕಣ್ಣು ಮುಚ್ಚಿದಾರೆ. ಮಂಗಳವಾರದಿಂದ ಮಲಗಿಲ್ಲ ಕಣೇ. 'ಆ ಮುದುಕಿ ಬೀಸ್ತಾ ಇದ್ಲು' ಅಂತಾರೆ, ಗೋಡೆ ನೋಡ್ತಾರೆ. ಬೆಳಿಗ್ಗೆ ಬಂದೋರು ಮಾತ್ರ ಸ್ವಲ್ಪ ಗೆಲುವಾಗಿದ್ರು. 'ಇವತ್ತು ಸರಿಯಾಗಿ ಬರ್ದಿದೀನಿ, ತರೈ ನೋಡ್ಲಿ' ಅಂದ್ರು. ಏನು ಬರ್ದಿದಾರೋ, ನಂಗೇನು ತಿಳಿಯುತ್ತೆ. ಎಬ್ಬಿಸ್ಲಾ?"

ಹೂವಿನ ಪರದೆಯ ಕೆಳಗಿನಿಂದ ಒಂದು ಪಾದ ಕಾಣುತ್ತಿತ್ತು. ನೋವಿನ ಕಾಲು. ಅದರ ಕೆಳಗೆ ಮಕ್ಕಳ ದಿಂಬನ್ನಿಟ್ಟಿದ್ದರು. ತರೈವಿನಿ ಆ ಪಾದವನ್ನು ನೋಡುತ್ತ ನಿಂತಳು.

"ಬೇಡ ಅಕ್ಕ. ಮಲಗ್ಲಿ."

"ಏನಾದ್ರೂ ಹೇಳ್ಬೇಕಿತ್ತಾ?"

"ನಾನೇ ಹೇಳ್ಬೇಕು."

ಊನೈಸಿಯ ಕಣ್ಣು ಪತ್ರಿಕೆಯ ಪೊಟ್ಟಣದ ಮೇಲೆ ಹೋಯಿತು, ಅಲ್ಲಿಂದ ಅವಳ ಮುಖದ ಮೇಲೆ ಬಂತು. ಮತ್ತೇನೂ ಕೇಳದೆ ಬೇಯಿಸಿದ ಮರಗೆಣಸು, ಒಂದು ತುಂಡು ಮೀನು, ನಿಂಬೆ ಎಲೆಯ ಚಾ ತಂದಿಟ್ಟಳು. "ತಿನ್ನು. ಏನು ಕೇಳೋಕೆ ಬಂದಿದ್ರೂ ಹಸಿದ ಹೊಟ್ಟೇಲಿ ಕೇಳ್ಬಾರ್ದು."

ತಿಂದು, ಗೋಡೆಗೆ ಒರಗಿ, ಇನ್ನೊಂದು ಗಳಿಗೆ ನೋಡೋಣ, ಎದ್ದರೂ ಎದ್ದಾನು ಎಂದುಕೊಂಡಳು. ಹಾಗೆಂದುಕೊಂಡದ್ದೇ ಕೊನೆ. ಕಣ್ಣು ಬಿಟ್ಟಾಗ ಬಾಗಿಲಿನ ಬಿಸಿಲು ಚಾಪೆಯ ಆ ಅಂಚಿಗೆ ಸರಿದಿತ್ತು. ಊನೈಸಿ ಅವಳ ಮೈಮೇಲೊಂದು ಬಟ್ಟೆ ಹೊದಿಸಿದ್ದಳು. ಪರದೆಯ ಕೆಳಗಿನ ಪಾದ ಅಲ್ಲೇ ಇತ್ತು. ಗೊರಕೆ ಸಣ್ಣಗೆ ಕೇಳಿಸುತ್ತಿತ್ತು.

ಅವಳು ಪೊಟ್ಟಣವನ್ನೆತ್ತಿಕೊಂಡು ಎದ್ದಳು. ಅದನ್ನು ಊನೈಸಿಯ ಕೈಯಲ್ಲಿ ಕೊಟ್ಟು ಹೋಗುವಂತಿರಲಿಲ್ಲ. ಇಂಥದ್ದನ್ನು ಎದುರಿಗೆ ಕುಳಿತೇ ಕೇಳಬೇಕು.

ಕಚೇರಿಯ ಮುಂದೆ ವಿದ್ಯುತ್ತಿನವರು ಆಗಲೇ ಏಣಿ ಹಾಕಿದ್ದರು. ಬಿಮ್ಲಾ ವತಿ ಬಾಗಿಲಲ್ಲಿ ನಿಂತು ಅವಳನ್ನು ನೋಡಿದರು, ಏಣಿಯನ್ನು ನೋಡಿದರು.

ತರೈವಿನಿ ಫೈಲನ್ನು ತೆರೆದಳು. ಲೈನಿನ ವಿಳಾಸ ಬೆಳಿಗ್ಗೆ ಬದಲಾಗಿತ್ತು. ತಪ್ಪಿಲ್ಲದೆ, ಒಂದು ಚುಕ್ಕೆಯೂ ಆಚೀಚೆಯಾಗದೆ ಬರೆದಿತ್ತು. ಅದರ ಮೇಲೆ, ಮಷೀನು ಓದದೆ ಬಿಡುವ ಟಿಪ್ಪಣಿಯ ಸಾಲೊಂದು. 'ತರೈ, ಈ ಸಲ ಸರಿಯಿದೆ ನೋಡು.'

ಅವಳು ಆ ಸಾಲನ್ನು ಅಳಿಸಲಿಲ್ಲ. ಫೈಲಿನ ಒಡೆತನ ಯಜಮಾನನ ಖಾತೆಗೇ ಇದೆಯೆಂದು ನೋಡಿಕೊಂಡಳು. ಆಮೇಲೆ ಅಂಕೆ ಬದಲಿಸಿದಳು. ಆರು-ನಾಲ್ಕು-ನಾಲ್ಕು. ಕೀಲಿಯ ಸದ್ದೊಂದು ಬಿಟ್ಟರೆ ಏನೂ ಕೇಳಲಿಲ್ಲ. ಮುಚ್ಚಿತೆಂದು ಕೂಡ ಮಷೀನು ಹೇಳಲಿಲ್ಲ. ಅದು ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. ಮತ್ತೊಮ್ಮೆ ತೆಗೆದು ನೋಡಿ ಖಾತ್ರಿ ಮಾಡಿಕೊಂಡಳು.

ಕರೆಂಟು ಹೋಯಿತು. ಎ.ಸಿ. ನಿಂತಿತು. ಕೊನೆಯ ಹನಿಗಳು ಬಟ್ಟೆಯ ಮೇಲೆ ಬಿದ್ದವು. ಕತ್ತಲಾದ ಕೋಣೆಯಲ್ಲಿ ಅವಳೂ ಬಿಮ್ಲಾ ವತಿಯೂ ಎದುರುಬದುರು ಕುಳಿತರು.

"ಕೇಳಿದ್ಯಾ ಅವನ್ನ?"

"ಮಲಗಿದ್ದ."

"ಎಬ್ಬಿಸ್ಬೇಕಿತ್ತು ತರೈ."

"ಹೂಂ."

ಕರೆಂಟು ಬಂತು. ಮಷೀನು ಎದ್ದು ಫೈಲನ್ನು ಓದಿ, ಕಂಟೇನರ್‌ಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿತು. ಟಿಕೆಟ್ಟು, ತೂಕ, ಹೆಸರು. ಬಿಮ್ಲಾ ವತಿ ಅವಳ ಭುಜ ತಟ್ಟಿ ಹೋದರು.

ಸಂಜೆ ತರೈವಿನಿ ಮುಂದಿನ ಗೇಟಿನಲ್ಲಿ ಪೊಟ್ಟಣ ಹಿಡಿದು ನಿಂತಳು. ಅಪೊರೋಸ ಬಸ್ಸಿಳಿದು ಬರುವುದು ಅಲ್ಲಿಂದಲೇ. ಮೇಜಿಗೆ ಹೋಗುವ ಮೊದಲೇ ಅಡ್ಡಗಟ್ಟಿ ಕೇಳಿಬಿಡಬೇಕು ಎಂದಿದ್ದಳು. ಬಸ್ಸೊಂದು ಬಂತು, ಅವನು ಇಳಿಯಲಿಲ್ಲ. ಇನ್ನೊಂದು ಬಂತು. ಆಮೇಲೆ ಸರಕಿನ ಗೇಟಿನ ಕಡೆಯಿಂದ ಮನೋವನ ತಮ್ಮನ ಲಾರಿ ಖಾಲಿಯಾಗಿ ಹೊರಟಿತು. ಚಾಲಕ ಕೈ ಬೀಸಿ, "ನಿಮ್ಮ ಡಾಕ್ಟ್ರನ್ನ ಇಳಿಸ್ಬಿಟ್ಟೆ. ಕಾಲು ನೋವು ಅಂದ್ರು, ಮನೆಯಿಂದಾನೇ ಹತ್ತಿಸ್ಕೊಂಡು ಬಂದೆ" ಎಂದು ಕೂಗಿದ.

ಅವಳು ಓಡಿದಳು.

ಓಡಿದರೂ ತಡವಾಗಿತ್ತು. ಗಾಳಿ ಎದ್ದಿತ್ತು, ಲೈನು ಸತ್ತಿತ್ತು. ಹಡಗಿನ ಗುಮಾಸ್ತ ಕಿಟಕಿಯಲ್ಲಿ ತಲೆಯಿಟ್ಟು, "ಬೇಗ ನೋಡಿ ಡಾಕ್ಟ್ರೇ, ಜನ ಹತ್ತೋಕೆ ಕಾಯ್ತಿದಾರೆ" ಎನ್ನುತ್ತಿದ್ದ. ಅಪೊರೋಸ ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದ. ಉಳಿಸಲು ಒತ್ತಿದ. ಅನುಮತಿಯಿಲ್ಲ ಎಂದಿತು ಮಷೀನು. ಕೈ ಜಾರಿತೇನೋ ಎಂದು ಮತ್ತೆ ಬರೆದ. ಅನುಮತಿಯಿಲ್ಲ.

"ಏಳು, ನಾನು ನೋಡ್ತೀನಿ" ಎಂದು ಇಸಿಕೆಲಿ ತನ್ನ ಹೆಸರಿನಿಂದ ಒಳಹೊಕ್ಕು ನೋಡಿದ. ಮನೋವ ತನ್ನದರಿಂದ ನೋಡಿದ. ಅದೇ ಉತ್ತರ. ಮೂವರೂ ತಿರುಗಿದಾಗ ಅವಳು ಏದುಸಿರು ಬಿಡುತ್ತ ಬಾಗಿಲಲ್ಲಿದ್ದಳು.

ಆಗಲೇ ಹೇಳಬಹುದಿತ್ತು. ಆದರೆ ಹಡಗು ಕಾಯುತ್ತಿತ್ತು. ಶೆಡ್ಡಿನ ತುಂಬ ಜನ ಕುಳಿತಿದ್ದರು, ಅವಳ ಕಣ್ಣು ಅವರ ನಡುವೆ ಆ ಬೀಸಣಿಗೆಯನ್ನು ಹುಡುಕಿತು. ಅಪೊರೋಸನ ಭುಜದ ಮೇಲಿಂದ ಬಾಗಿ, ತಾನು ಮಾಡಿಟ್ಟಿದ್ದ ಗುಂಡಿಯನ್ನು ಒತ್ತಿದಳು. ಲೈನು ಬದಲಾಯಿತು. ಹೆಸರುಗಳು ಮೂಡಿದವು. ಪಟ್ಟಿ ಅಚ್ಚಾಗಿ ಹೊರಬಂತು.

"ಅಬ್ಬಾ, ಇಷ್ಟೇನಾ!" ಎಂದು ಗುಮಾಸ್ತ ಕಾಗದ ಹಿಡಿದು ಓಡಿದ.

ಅಪೊರೋಸ ಕುರ್ಚಿಯಿಂದ ಎದ್ದ. ಮೇಜನ್ನು ಹಿಡಿದು, ಆಮೇಲೆ ಗೋಡೆಯನ್ನು ಹಿಡಿದು, ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ಅವನ ಕುಂಟು ಡಾಕ್ಟರಾಗುವ ಮೊದಲಿದ್ದಂತೆಯೇ ಕಂಡಿತು.

ಹಡಗು ಸಿಳ್ಳೆ ಹಾಕಿ ಕಟ್ಟೆ ಬಿಟ್ಟ ಮೇಲೆ ಅವಳು ಶೆಡ್ಡಿನ ಹಿಂದೆ ಹೋದಳು. ಪಾಳಿಯವರು ಹಡಗು ಹೊರಟ ಮೇಲೆ ಅಲ್ಲಿ ಚಾಪೆ ಹಾಸಿ ಸ್ವಲ್ಪ ಹೊತ್ತು ಕೂರುವುದುಂಟು. ನಡುವೆ ಮರದ ಬಟ್ಟಲಿತ್ತು. ಇಸಿಕೆಲಿ ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ಯಂಗೋನವನ್ನು ಹಿಂಡುತ್ತಿದ್ದ. ಅಪೊರೋಸ ಕಾಲು ಚಾಚಿ, ಮೊಣಕಾಲನ್ನು ಅಂಗೈಯಿಂದ ತಿಕ್ಕಿಕೊಳ್ಳುತ್ತಿದ್ದ.

"ಬಾ ತರೈ, ಬಾ" ಎಂದ ಇಸಿಕೆಲಿ. "ಕೋಳಿಗಳು ಸಾಲಾಗಿ ಕೂತಿದೀವಿ. ಕಾಳು ತಂದ್ಯಾ?"

"ಬಿಡೋ" ಎಂದ ಮನೋವ.

"ನಾನ್ಯಾಕೆ ಬಿಡ್ಲಿ? ಬಾಗಿಲಿಗೆ ಚಿಲಕ ಹಾಕ್ಬಿಟ್ಟು ಈಗ ಬಾಗಿಲು ತಟ್ಟೋಕೆ ಬಂದಿದಾಳೆ."

ತರೈವಿನಿ ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಕುಳಿತಳು. ಯಾರೂ ಸರಿದು ಜಾಗ ಕೊಡಲಿಲ್ಲ. ಒಂದು ಮೊಣಕಾಲು ಚಾಪೆಯ ಮೇಲೆ, ಒಂದು ಸಿಮೆಂಟಿನ ಮೇಲೆ. ಬೆಳಗಿನಿಂದ ಹೊತ್ತು ತಿರುಗಿದ್ದ ಪೊಟ್ಟಣವನ್ನು ಅಪೊರೋಸನ ಮುಂದಿಟ್ಟಳು. ಪತ್ರಿಕೆ ಬೆವರಿಗೆ ಒದ್ದೆಯಾಗಿ ಬೇರಿನ ತುದಿಗಳು ಹೊರಗೆ ಬಂದಿದ್ದವು. ಹೇಳಬೇಕಾದ ಮಾತುಗಳನ್ನು ಗೇಟಿನಲ್ಲಿ ಕಾಯುವಾಗ ಜೋಡಿಸಿಕೊಂಡಿದ್ದಳು: ಮೇಜಿನ ಮಾತು, ಮಾವನ ಮಾತು, ಬೆಳಿಗ್ಗೆ ಅವನು ಬರೆದ ಸಾಲು ಎಷ್ಟು ಸರಿಯಾಗಿತ್ತೆಂಬ ಮಾತು. ಈಗ ಅವು ಒಂದೂ ಬಾಯಿಗೆ ಬರಲಿಲ್ಲ. ಅಂಗೈಗಳನ್ನು ಗುಂಡಗೆ ಹಿಡಿದು ಚಪ್ಪಾಳೆ ತಟ್ಟಿದಳು.

"ಭಾವ, ಕೆರೆಕೆರೆ. ಆ ಫೈಲು ನಂಗೆ ವಾಪಸ್ ಕೊಡು."

ಇಸಿಕೆಲಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿದ. ಮನೋವ ಹಡಗು ಹೋದ ಕಡೆ ನೋಡಿದ. ಅಪೊರೋಸನ ಅಂಗೈ ಮೊಣಕಾಲಿನ ಮೇಲೆ ಮೊದಲಿನ ಹಾಗೆಯೇ ಸುತ್ತುತ್ತಿತ್ತು. ಪೊಟ್ಟಣವನ್ನು ಮುಟ್ಟಿದರೆ ಒಪ್ಪಿದಂತೆ. ಅವನು ಮುಟ್ಟಲಿಲ್ಲ, ದೂರಕ್ಕೆ ತಳ್ಳಲೂ ಇಲ್ಲ.

ಅವಳು ಕಾದಳು. ಬಟ್ಟಲಿನ ನೀರು ಅಲುಗುವುದನ್ನು ನಿಲ್ಲಿಸಿತು.

"ವಾಪಸ್ ಕೊಡು ಭಾವ."